ಗಣಿ ಮುಚ್ಚಿದ ನೆಲದಲ್ಲಿ ಮತ್ತೆ ಕಾಡು: ಮೇಲ್ಮಣ್ಣಿನಿಂದ ಮರದವರೆಗೆ ಹಂತ ಹಂತವಾಗಿ

ಮೊದಲು ಸತ್ತ ಸಸಿಯೊಂದನ್ನು ಕಿತ್ತು ನೋಡಿ. ಒಂದೇ ಕೈಯಲ್ಲಿ ಎಳೆದರೂ ಸಲೀಸಾಗಿ ಬರುತ್ತದೆ. ನೆಟ್ಟು ಎರಡು ವರ್ಷ ಕಳೆದಿದ್ದರೂ ಬೇರುಗಳೆಲ್ಲ ನರ್ಸರಿ ಚೀಲದ ಆಕಾರದಲ್ಲೇ ಉಂಡೆಗಟ್ಟಿ ಕುಳಿತಿರುತ್ತವೆ. ತಾಯಿಬೇರು ಒಂದು ಗೇಣು ಕೆಳಗಿಳಿದು, ಅಲ್ಲಿಂದ ತಟ್ಟನೆ ಅಡ್ಡಕ್ಕೆ ತಿರುಗಿರುತ್ತದೆ. ಗೋಡೆ ಎದುರಾದಾಗ ಬೇರು ಮಾಡುವ ಕೆಲಸವೇ ಅದು. ನೆಲವನ್ನು ತುಳಿದು ಗಟ್ಟಿಮಾಡಿ ಆ ಗೋಡೆಯನ್ನು ಕಟ್ಟಿದ್ದು ಬುಲ್ಡೋಜರ್.

"ನೀರು ಹಾಕಿದೆವು, ಗೊಬ್ಬರ ಹಾಕಿದೆವು, ಮೂರು ಸಲ ನೆಟ್ಟೆವು, ಏನೂ ಬರಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರ ಕಥೆ ಇದೇ. ತಪ್ಪು ನೆಟ್ಟ ದಿನದ್ದಲ್ಲ, ಅದಕ್ಕೆ ಎಷ್ಟೋ ತಿಂಗಳ ಮೊದಲೇ ಆಗಿಹೋಗಿರುತ್ತದೆ. ನೆಲವನ್ನು ಕ್ರಿಕೆಟ್ ಮೈದಾನದಂತೆ ನುಣ್ಣಗೆ ಮಟ್ಟ ಮಾಡಿ, ಹುಲ್ಲು ಬಿತ್ತಿ, ಹಸಿರು ಕಂಡ ಮೇಲೆ ಮರದ ಯೋಚನೆ ಮಾಡಿದರೆ ಕೆಲಸದ ಕ್ರಮವೇ ತಿರುಗುಮುರುಗಾಯಿತು. ಈ ಮಾರ್ಗದರ್ಶಿಯಲ್ಲಿ ನಾನು ಹಿಡಿದು ನಿಲ್ಲುವುದು ಒಂದೇ ಮಾತನ್ನು: ಭಾರಿ ಯಂತ್ರದ ಕೆಲಸವೆಲ್ಲ ಮೊದಲು, ಅದರಲ್ಲೂ ಸಾಧ್ಯವಾದಷ್ಟು ಕಡಿಮೆ ಓಡಾಟ, ಬೇರಿಗೆ ಜಾಗವಾದ ಮೇಲೆ ಹುಲ್ಲು, ಆಮೇಲೆ ಮರ.

ನಿಮ್ಮ ನೆಲ ಎರಡರಲ್ಲಿ ಯಾವುದು ಎಂದು ಈಗಲೇ ತೀರ್ಮಾನಿಸಿಕೊಳ್ಳಿ. ಗಣಿ ಇನ್ನೂ ತೆರೆದಿದ್ದು, ಮಣ್ಣು ತುಂಬುವ ಯಂತ್ರಗಳು ಸ್ಥಳದಲ್ಲೇ ಇದ್ದರೆ ಎಲ್ಲ ಹಂತಗಳೂ ನಿಮಗೆ ಅನ್ವಯಿಸುತ್ತವೆ. ವರ್ಷಗಳ ಹಿಂದೆಯೇ ಮುಚ್ಚಿ, ಹುಲ್ಲು ಬೆಳೆದು, ಮರ ಮಾತ್ರ ಬಾರದೆ ನಿಂತ ನೆಲವಾದರೆ 1ನೇ ಹಂತ ಮುಗಿಸಿ ನೇರವಾಗಿ 5ಕ್ಕೆ ಹೋಗಬಹುದು. ನಡುವಿನ ಹಂತಗಳನ್ನು ಅಲ್ಲಿ ಆದ ತಪ್ಪೇನೆಂದು ತಿಳಿಯುವುದಕ್ಕಾದರೂ ಓದಿಕೊಳ್ಳಿ.

ಕೈಯಲ್ಲಿ ಇರಬೇಕಾದ ಸಲಕರಣೆ

ಹಾರೆ, ಪಿಕಾಸಿ, ಸಲಿಕೆ. ತುದಿ ಚೂಪಾದ, ಒಂದು ಮೀಟರ್ ಉದ್ದದ ಉಕ್ಕಿನ ಸರಳು. ಮಣ್ಣಿನ ಹುಳಿ–ಕ್ಷಾರ ತೋರಿಸುವ ಪಿಎಚ್ ಮಾಪಕ, ಉಪ್ಪಿನಂಶ ತಿಳಿಸುವ ವಿದ್ಯುತ್ ವಾಹಕತೆಯ ಮಾಪಕ, ಬಟ್ಟಿ ಇಳಿಸಿದ ನೀರು. ಅಳತೆಪಟ್ಟಿ, ಸಮಪಾತಳಿ (ಇಳಿಜಾರಿಗೆ ಅಡ್ಡವಾಗಿ ಒಂದೇ ಎತ್ತರದಲ್ಲಿ ಸಾಗುವ ಗೆರೆ) ಗುರುತಿಸಲು ನೀರಿನ ಕೊಳವೆಯ ಮಟ್ಟ. ಸಸಿ ಒಯ್ಯಲು ಒದ್ದೆ ಗೋಣಿಚೀಲ. ಕೊನೆಯ ಹಂತಕ್ಕೆ 5.64 ಮೀಟರ್ ಉದ್ದದ ಹಗ್ಗ ಬೇಕು. ಅಳತೆ ವಿಚಿತ್ರವಾಗಿ ಕಂಡರೂ ಕಾರಣವಿದೆ, ಅಲ್ಲಿ ಹೇಳುತ್ತೇನೆ. ಯಂತ್ರಗಳಲ್ಲಿ ಟಿಪ್ಪರ್, ಹಗುರವಾದ ಡೋಜರ್ ಒಂದು, ನೆಲ ಸೀಳುವ ಉದ್ದ ಹಲ್ಲಿರುವ ದೊಡ್ಡ ಡೋಜರ್ ಒಂದು. ಉಳುವ ಟ್ರ್ಯಾಕ್ಟರ್ ಸಾಲದೇ ಎಂದು ಕೇಳುವವರಿದ್ದಾರೆ; ಸಾಲದು. ಅದರ ನೇಗಿಲು ಕೆರೆಯುವುದು ಒಂದು ಗೇಣು, ನಮಗೆ ಬೇಕಾದದ್ದು ಒಂದು ಮೀಟರ್.

ಹಂತ 1: ಗುಂಡಿ ತೋಡಿ ನೆಲವನ್ನು ಓದಿ

ಪ್ರತಿ ಹೆಕ್ಟೇರಿನಲ್ಲಿ ಕನಿಷ್ಠ ನಾಲ್ಕೈದು ಕಡೆ ಒಂದು ಮೀಟರ್ ಆಳದ ಗುಂಡಿ ತೋಡಿ. ಗಣಿಯ ನೆಲ ಹೊಲದಂತೆ ಒಂದೇ ಸಮನಾಗಿರುವುದಿಲ್ಲ. ಒಂದು ಟಿಪ್ಪರ್ ಸುರಿದ ರಾಶಿಗೂ ಪಕ್ಕದ ರಾಶಿಗೂ ಅಜಗಜಾಂತರ ಇರಬಹುದು. ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಇನ್ನೊಂದು ಗುಂಡಿ ತೋಡಿ. ಹುಲ್ಲು ಕೂಡ ಹುಟ್ಟದ ಬೋಳು ತೇಪೆ ಕಂಡರೆ ಅಲ್ಲಿ ತಪ್ಪದೆ ತೋಡಿ.

ಗುಂಡಿಯೊಳಗೆ ಇಳಿದು ಗೋಡೆಯನ್ನು ಚಾಕುವಿನಿಂದ ಕೆರೆಯಿರಿ. ಹುಲ್ಲಿನ ಬೇರು ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿ ಅಡ್ಡ ತಿರುಗಿದೆ, ಮಣ್ಣು ಪುಡಿಯಾಗಿ ಉದುರುತ್ತದೆಯೋ ತಟ್ಟೆ ತಟ್ಟೆಯಾಗಿ ಏಳುತ್ತದೆಯೋ ನೋಡಿ. ತಟ್ಟೆಗಳಾಗಿ ಎದ್ದರೆ ಅದು ಚಕ್ರ ತುಳಿದು ಗಟ್ಟಿಯಾದ ಪದರ. ಮಳೆಯಾಗಿ ಎರಡು ದಿನ ಕಳೆದ ಮೇಲೆ ಉಕ್ಕಿನ ಸರಳನ್ನು ಮೈಭಾರ ಬಿಟ್ಟು ಒತ್ತಿ. ಮೊಣಕಾಲೆತ್ತರದಷ್ಟೂ ಇಳಿಯದಿದ್ದರೆ ಮರದ ಬೇರು ಇಳಿಯುತ್ತದೆಂಬ ಆಸೆ ಬಿಡಿ.

ಅಂಕಿಯಲ್ಲೇ ಬೇಕೆನ್ನುವವರು ಮಣ್ಣಿನ ಸಾಂದ್ರತೆ ಅಳೆಯಿರಿ. 7 ಸೆಂ.ಮೀ. ವ್ಯಾಸ, 10 ಸೆಂ.ಮೀ. ಉದ್ದದ ಕಬ್ಬಿಣದ ಕೊಳವೆಯಲ್ಲಿ ಸುಮಾರು 385 ಘನ ಸೆಂ.ಮೀ. ಮಣ್ಣು ಹಿಡಿಯುತ್ತದೆ. ಅದನ್ನು ನೆಲಕ್ಕೆ ಬಡಿದು, ಒಳಗಿನ ಮಣ್ಣನ್ನು ಚೆಲ್ಲದೆ ತೆಗೆದು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ ತೂಗಿ. 650 ಗ್ರಾಂ ಬಂದರೆ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.69 ಗ್ರಾಂ. ಮರಳು ಮಿಶ್ರಿತ ಮಣ್ಣಿನಲ್ಲಿ 1.7ರ ಆಸುಪಾಸು, ಜೇಡಿಯಲ್ಲಿ 1.4–1.5 ದಾಟಿದರೆ ಬೇರಿನ ಓಟಕ್ಕೆ ಅಡ್ಡಿ ಶುರುವಾಗುತ್ತದೆ. ಕಲ್ಲು ಹೆಚ್ಚಿರುವ ಕಡೆ ಕೊಳವೆ ಇಳಿಯುವುದಿಲ್ಲ. ಅಲ್ಲಿ ಚಿಕ್ಕ ಗುಂಡಿ ತೋಡಿ ಮಣ್ಣನ್ನೆಲ್ಲ ಕೂಡಿಟ್ಟುಕೊಂಡು, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ, ಎಷ್ಟು ನೀರು ಹಿಡಿಯಿತೆಂದು ಅಳೆದರೆ ಗಾತ್ರ ಸಿಗುತ್ತದೆ.

ನೀರು ಇಂಗುವ ಪರೀಕ್ಷೆಗೆ ಅಂಕಿ ಬೇಡ. 30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೆಯ ಸಲದ ನೀರು ಮರುದಿನ ಅದೇ ಹೊತ್ತಿಗೂ ನಿಂತಿದ್ದರೆ ನೀವು ತೋಡಿದ್ದು ಗುಂಡಿಯಲ್ಲ, ಬಾನಿ.

ಇನ್ನು ರಸಾಯನ. ಮಣ್ಣಿನಷ್ಟೇ ಬಟ್ಟಿ ಇಳಿಸಿದ ನೀರು ಬೆರೆಸಿ ಪಿಎಚ್ ನೋಡಿ. ಹೆಚ್ಚಿನ ಕಾಡುಮರಗಳಿಗೆ 5ರಿಂದ 7ರ ನಡುವೆ ನೆಮ್ಮದಿ. 4.5ಕ್ಕಿಂತ ಇಳಿದಂತೆಲ್ಲ ಮಣ್ಣಿನ ಅಲ್ಯುಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ. ವಿದ್ಯುತ್ ವಾಹಕತೆ ಮೀಟರಿಗೆ 2 ಡೆಸಿಸೀಮೆನ್ಸ್ ದಾಟಿದರೆ ಸೂಕ್ಷ್ಮ ಜಾತಿಗಳು ಸೊರಗುತ್ತವೆ. 4 ದಾಟಿದರೆ ಅದು ಉಪ್ಪುನೆಲ.

ಹೆಚ್ಚಿನವರು ಎಡವುವುದು ಇಲ್ಲಿ: ಇಂದಿನ ಪಿಎಚ್ 6 ಇದೆಯೆಂದು ನಿಶ್ಚಿಂತರಾಗುತ್ತಾರೆ. ಆಳದಿಂದ ಬಂದ ಕಪ್ಪು–ಬೂದು ಕಲ್ಲಿನಲ್ಲಿ ಪೈರೈಟ್, ಅಂದರೆ ಕಬ್ಬಿಣದ ಸಲ್ಫೈಡ್ ಇದ್ದರೆ ಅದು ಗಾಳಿ ಮತ್ತು ನೀರು ತಾಗಿದ ಮೇಲೆ ನಿಧಾನವಾಗಿ ಗಂಧಕಾಮ್ಲವಾಗುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಮಣ್ಣು ಪಿಎಚ್ 3ಕ್ಕೆ ಇಳಿದೀತು. ಆದ್ದರಿಂದ ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಪಿಎಚ್ ಜೊತೆಗೆ ಆಮ್ಲ–ಕ್ಷಾರ ಲೆಕ್ಕವನ್ನೂ, ಅಂದರೆ ಮಣ್ಣು ಮುಂದೆ ಎಷ್ಟು ಆಮ್ಲ ಹುಟ್ಟಿಸೀತು, ಅದರಲ್ಲಿ ಎಷ್ಟನ್ನು ತಾನೇ ತಣಿಸೀತು ಎಂಬುದನ್ನೂ, ಕೇಳಿ ಪಡೆಯಿರಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಸ್ಥಳದಲ್ಲೇ ನೋಡುವ ವಿಧಾನ ಇದೆಯಾದರೂ ಅದು ಕೈ, ಕಣ್ಣು ಸುಡುವ ದ್ರವ. ಅನುಭವ ಇಲ್ಲದವರು ಮುಟ್ಟಬೇಡಿ.

ಎಚ್ಚರಿಕೆಯ ಗುರುತುಗಳು: ತಗ್ಗಿನಲ್ಲಿ ಒಸರುವ ಕಿತ್ತಳೆ ಬಣ್ಣದ ನೀರು, ಕಲ್ಲಿನ ಮೇಲೆ ಹಳದಿ ಲೇಪ, ಒಣಗಿದಾಗ ಏಳುವ ಬಿಳಿ ಉಪ್ಪಿನ ಹೊಪ್ಪಳೆ. ಇವುಗಳಲ್ಲಿ ಒಂದು ಕಂಡರೂ ಆ ತುಂಡನ್ನು ನಕ್ಷೆಯಲ್ಲಿ ಗುರುತು ಹಾಕಿ, ಉಳಿದ ಕೆಲಸದಿಂದ ಬೇರೆ ಮಾಡಿ.

ಹಂತ 2: ನೀರಿನ ದಾರಿ ತಿದ್ದಿ

ಮಣ್ಣು ಹರಡುವ ಮುನ್ನವೇ ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನಿಶ್ಚಯವಾಗಬೇಕು. ಮೇಲಿನ ಕಟ್ಟೆಯಿಂದ ಇಳಿಯುವ ನೀರನ್ನು ಬದಿಗೆ ತಿರುಗಿಸುವ ಕಾಲುವೆ, ಕಲ್ಲು ಹಾಸಿದ ಇಳಿಜಾರಿನ ಹರಿವು, ಕೊನೆಯಲ್ಲಿ ಹೂಳು ನಿಲ್ಲುವ ಗುಂಡಿ – ಇಷ್ಟು ಮುಗಿಯದೆ ಮೇಲ್ಮಣ್ಣನ್ನು ಮುಟ್ಟಬೇಡಿ. ಹಳೆಯ ಸುರಂಗಗಳ ಮೇಲಿನ ನೆಲವಾದರೆ ಕುಸಿತದ ಅಪಾಯ ಇರುತ್ತದೆ. ಕಡಿದಾದ ಗಣಿಗೋಡೆಯ ಅಂಚೂ ಹಾಗೆಯೇ. ಇವೆರಡನ್ನೂ ಎಂಜಿನಿಯರ್ ನೋಡಲಿ, ತೋಟಗಾರ ಬೇಡ.

ಹಂತ 3: ಬೇರಿಗೆ 1.2 ಮೀಟರ್ ಆಳ ಕೊಡಿ

ಮೇಲ್ಮಣ್ಣು ಒಂದು ಗೇಣು ಹಾಕಿದರೆ ಆಯಿತು, ಕೆಳಗೆ ಏನಿದ್ದರೇನು ಎಂಬ ಭಾವನೆ ಬಹಳ ಕಡೆ ಇದೆ. ಹುಲ್ಲಿಗೆ ಅದು ಸರಿ. ಮರಕ್ಕೆ ಬೇಕಾದದ್ದು ಕನಿಷ್ಠ ನಾಲ್ಕು ಅಡಿ, ಸುಮಾರು 1.2 ಮೀಟರ್ ಸಡಿಲವಾದ ಬೇರುವಲಯ. ಅಮೆರಿಕದ ಅಪಲೇಚಿಯಾ ಕಲ್ಲಿದ್ದಲು ಸೀಮೆಯಲ್ಲಿ ಗಣಿನೆಲವನ್ನು ದಶಕಗಟ್ಟಲೆ ಗಟ್ಟಿಯಾಗಿ ಮಟ್ಟಮಾಡಿ, ಮರ ಬಾರದೆ ಕೈಸುಟ್ಟುಕೊಂಡ ಮೇಲೆ ರೂಪುಗೊಂಡ ಐದು ಹೆಜ್ಜೆಯ ಅರಣ್ಯ ಪದ್ಧತಿಯ ಮೊದಲ ಹೆಜ್ಜೆಯೇ ಇದು.

ಯಾವ ವಸ್ತುವನ್ನು ಮೇಲೆ ಹಾಕಬೇಕು? ಮೂಲ ನೆಲದ ಮೇಲ್ಭಾಗದಿಂದ ಬಂದ, ಬಿಸಿಲು ಮಳೆಗೆ ಶಿಥಿಲವಾಗಿ ಕಂದು ಅಥವಾ ಹಳದಿಗೆ ತಿರುಗಿದ ಮರಳುಗಲ್ಲು ಮತ್ತು ಉಪಮಣ್ಣು ಉತ್ತಮ. ಗಣಿಯ ತಳದಿಂದ ಬಂದ, ಗಾಳಿ ಕಾಣದ ಬೂದು–ಕಪ್ಪು ಕಲ್ಲನ್ನು ಕೆಳಕ್ಕೆ ಹಾಕಿ. ಅದರಲ್ಲೂ ಪೈರೈಟ್ ಇರುವ ವಸ್ತುವನ್ನು ಆಳದಲ್ಲಿ, ಅಂತರ್ಜಲ ಏರಿಳಿಯದ ಮತ್ತು ನೀರು ಹರಿದು ಹೋಗದ ಕಡೆ ಹೂಳಬೇಕು. ಕಲ್ಲಿನ ತುಂಡುಗಳಿಗೆ ಹೆದರಬೇಡಿ. ಮುಷ್ಟಿ ಗಾತ್ರದ ಕಲ್ಲುಗಳ ನಡುವೆ ಮಣ್ಣಿದ್ದರೆ ಮರದ ಬೇರು ಸಂತೋಷದಿಂದಲೇ ಹೋಗುತ್ತದೆ.

ಸುರಿಯುವ ರೀತಿ ಮುಖ್ಯ. ಟಿಪ್ಪರ್‌ಗಳು ಹಿಂದಕ್ಕೆ ಬಂದು ರಾಶಿಯ ಪಕ್ಕ ರಾಶಿ ಸುರಿದು ಹೊರಟುಹೋಗಬೇಕು. ಸುರಿದ ಮಣ್ಣಿನ ಮೇಲೆ ಮತ್ತೆ ಹತ್ತಕೂಡದು. ಆಮೇಲೆ ಹಗುರ ಡೋಜರ್ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಾಗಿ ರಾಶಿಗಳ ನೆತ್ತಿಯನ್ನಷ್ಟೇ ತಟ್ಟಬೇಕು. ಬಿಗಿತದ ಬಹುಪಾಲು ಮೊದಲ ಒಂದೆರಡು ಓಡಾಟದಲ್ಲೇ ಆಗುತ್ತದೆ. ಆದ್ದರಿಂದ "ಇನ್ನೊಂದು ಸುತ್ತು ಹೊಡೆದರೆ ಚೆಂದ ಕಾಣುತ್ತದೆ" ಎನ್ನುವ ಚಾಲಕನನ್ನು ಊಟಕ್ಕೆ ಕಳಿಸಿಬಿಡಿ. ನಾನು ಒಮ್ಮೆ ಇದೇ ಚೆಂದಕ್ಕೆ ಮರುಳಾಗಿ, ಅತಿಥಿಗಳು ಬರುತ್ತಾರೆಂದು ಮೂಲೆಯೊಂದನ್ನು ನುಣ್ಣಗೆ ಮಾಡಿಸಿದ್ದೆ. ಅತಿಥಿಗಳು ಅರ್ಧ ಗಂಟೆ ಇದ್ದು ಹೋದರು. ಆ ಮೂಲೆಯಲ್ಲಿ ಐದು ವರ್ಷವಾದರೂ ಮರ ಸೊಂಟದೆತ್ತರ ದಾಟಲಿಲ್ಲ.

ಸಡಿಲ ಮಣ್ಣು ಇಳಿಜಾರಿನಲ್ಲಿ ಕೊಚ್ಚಿಹೋಗುವುದಿಲ್ಲವೇ ಎಂಬ ಅಳುಕು ಸಹಜ. ಒರಟಾದ, ಉಬ್ಬುತಗ್ಗಿನ ನೆಲ ನೀರನ್ನು ಕುಡಿಯುತ್ತದೆ. ನುಣುಪಾದ ನೆಲ ಜಾರಿಸುತ್ತದೆ. ಕೊರಕಲು ಮೊದಲು ಬೀಳುವುದು ಎರಡನೆಯದರಲ್ಲಿ.

ಹಂತ 4: ಮೇಲ್ಮಣ್ಣನ್ನು ಜೀವಂತವಾಗಿ ಮರಳಿಸಿ

ಮೇಲ್ಮಣ್ಣು ಬರಿಯ ಮಣ್ಣಲ್ಲ. ಮೊದಲ 15 ಸೆಂ.ಮೀ. ಒಳಗೆ ಬೀಜ, ಶಿಲೀಂಧ್ರದ ಎಳೆ, ಬೇರುತುಂಡು, ಹುಳ ಎಲ್ಲ ಇವೆ. ಬೀಜಗಳಂತೂ ಹೆಚ್ಚಾಗಿ ಮೇಲಿನ 5 ಸೆಂ.ಮೀ.ನಲ್ಲೇ. ಇದನ್ನು ಮೊದಲು ಪ್ರತ್ಯೇಕವಾಗಿ ಕೆರೆದು ತೆಗೆಯಬೇಕು. ಅದರ ಕೆಳಗಿನ ಉಪಮಣ್ಣನ್ನು ಇನ್ನೊಂದು ರಾಶಿಯಾಗಿ ಇಡಬೇಕು. ಎರಡನ್ನೂ ಒಟ್ಟಿಗೆ ಬಾಚಿದರೆ ಹಾಲಿಗೆ ನೀರು ಬೆರೆಸಿದಂತೆ. ಮತ್ತೆ ಬೇರೆ ಮಾಡಲಾಗದು.

ಎಲ್ಲಕ್ಕಿಂತ ಒಳ್ಳೆಯದು ಶೇಖರಿಸದೇ ಇರುವುದು. ಒಂದು ತುದಿಯಲ್ಲಿ ಕೆರೆದ ಮಣ್ಣನ್ನು ಅದೇ ದಿನ ಇನ್ನೊಂದು ತುದಿಯ ಸಿದ್ಧ ನೆಲಕ್ಕೆ ಹಾಕಿ. ಪಶ್ಚಿಮ ಆಸ್ಟ್ರೇಲಿಯದ ಜರ್ರಾ ಮರಗಳ ಕಾಡಿನ ಬಾಕ್ಸೈಟ್ (ಅಲ್ಯುಮಿನಿಯಂ ಅದಿರು) ಗಣಿಗಳಲ್ಲಿ ಸ್ಥಳೀಯ ಸಸ್ಯಗಳನ್ನು ಮರಳಿ ತಂದಿರುವುದರ ಹಿಂದೆ ಈ ನೇರ ವರ್ಗಾವಣೆಯ ಪಾಲು ದೊಡ್ಡದು. ಒಣ ಕಾಲದಲ್ಲೇ ಮಾಡಿ. ಒದ್ದೆಯಲ್ಲಿ ಕೆರೆದರೆ ಮಣ್ಣು ಕಲಸಿದ ಹಿಟ್ಟಿನಂತಾಗುತ್ತದೆ, ಮೊಳೆಯಲು ಸಿದ್ಧವಾದ ಬೀಜಗಳು ರಾಶಿಯೊಳಗೇ ಮೊಳೆತು ಸಾಯುತ್ತವೆ.

ರಾಶಿ ಹಾಕಲೇಬೇಕಾದರೆ ಎತ್ತರ ಎರಡು ಮೀಟರ್ ದಾಟದಿರಲಿ. ಸುಮಾರು ಒಂದು ಮೀಟರ್ ಒಳಗೆ ಹೋದಂತೆ ಗಾಳಿ ಕಡಿಮೆಯಾಗಿ ಮಣ್ಣಿನ ಜೀವಿಗಳು ಸಾಯತೊಡಗುತ್ತವೆ. ರಾಶಿಯನ್ನು ಅಗೆದಾಗ ಕೊಳೆತ ಮೊಟ್ಟೆಯ ವಾಸನೆ, ನೀಲಿ–ಬೂದು ಬಣ್ಣ ಕಂಡರೆ ಅದು ಉಸಿರುಗಟ್ಟಿದ ಮಣ್ಣು. ಎಸೆಯಬೇಕಿಲ್ಲ, ಆದರೆ ಅದರಲ್ಲಿ ಬೀಜ, ಶಿಲೀಂಧ್ರ ಉಳಿದಿದೆಯೆಂದು ನಂಬಬೇಡಿ. ರಾಶಿಯ ಮೇಲೆ ದ್ವಿದಳ ಸಸ್ಯ ಬಿತ್ತಿ, ವಾಹನ ಹತ್ತಿಸದೆ, ಆದಷ್ಟು ಬೇಗ ಬಳಸಿ. ರಾಶಿಯನ್ನು ಈಗಾಗಲೇ ಕಳೆ ಆವರಿಸಿದ್ದರೆ ಮೇಲಿನ ಪದರ ಪೂರ್ತಿ ಕಳೆಬೀಜದ ಗೋದಾಮು. ಅದನ್ನು ಕೆಳಕ್ಕೆ ಹಾಕಿ ಒಳಗಿನದನ್ನು ಮೇಲೆ ಹರಡುವುದೇ ಲೇಸು.

ಲೆಕ್ಕ ಹಾಕದೆ ಕೆಲಸಕ್ಕೆ ಇಳಿಯುವವರು ಅರ್ಧಕ್ಕೆ ನಿಲ್ಲುತ್ತಾರೆ. ಒಂದು ಹೆಕ್ಟೇರಿಗೆ 15 ಸೆಂ.ಮೀ. ದಪ್ಪ ಹರಡಲು 1,500 ಘನ ಮೀಟರ್ ಬೇಕು. 10 ಘನ ಮೀಟರ್ ಹಿಡಿಯುವ ಟಿಪ್ಪರ್ ಆದರೆ 150 ಸಲ ಬರಬೇಕು. ಅಷ್ಟಿಲ್ಲದಿದ್ದರೆ ಇರುವುದನ್ನು ಎಲ್ಲ ಕಡೆ ಎರಡು ಬೆರಳು ದಪ್ಪಕ್ಕೆ ಸವರಬೇಡಿ. ಬಿಸಿಲಿಗೆ ಒಣಗಿ, ಗಾಳಿಗೆ ಹಾರಿ, ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ಅದರ ಬದಲು ಸಮಪಾತಳಿಯಲ್ಲಿ ಪಟ್ಟಿಗಳಾಗಿ ಅಥವಾ ಅಲ್ಲಲ್ಲಿ ದ್ವೀಪಗಳಾಗಿ 15 ಸೆಂ.ಮೀ. ಹಾಕಿ, ಬೀಜ ಅಲ್ಲಿಂದ ಹರಡುತ್ತದೆ. ಉಲ್ಟಾ ತಪ್ಪೂ ಇದೆ: ಜೀವಂತ ಮೇಲ್ಮಣ್ಣನ್ನು ಅರ್ಧ ಮೀಟರ್ ದಪ್ಪಕ್ಕೆ ಸುರಿದರೆ ಬಹುಪಾಲು ಬೀಜ ಆಳದಲ್ಲೇ ಹೂತುಹೋಗುತ್ತದೆ.

ಮೇಲ್ಮಣ್ಣು ಒಂದು ಬುಟ್ಟಿಯೂ ಉಳಿದಿಲ್ಲವೇ? ಹೊರಗಿನ ಕಾಡನ್ನು ಕೆರೆದು ತರಬೇಡಿ. ಶಿಥಿಲವಾದ ಕಂದು ಉಪಮಣ್ಣೇ ನಿಮ್ಮ ಮೇಲ್ಮಣ್ಣು. ಅದಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ, ಮರ ಕಡಿದಾಗ ಬಿದ್ದ ಕೊಂಬೆ–ಬುಡಗಳನ್ನು ಸುಡದೆ ಮೇಲೆ ಹರಡಿ. ಬಿದ್ದ ದಿಮ್ಮಿಯ ನೆರಳಲ್ಲಿ ಸಸಿ ಹೇಗೆ ಏಳುತ್ತದೆಂದು ಒಮ್ಮೆ ನೋಡಿದವರು ಕೊಂಬೆಗೆ ಬೆಂಕಿ ಹಚ್ಚುವುದಿಲ್ಲ.

ಹಂತ 5: ಬಿಗಿದ ನೆಲವನ್ನು ಸೀಳಿ

ಹಳೆಯ ಗಣಿನೆಲದವರಿಗೆ ಇದೇ ಮುಖ್ಯ ಹಂತ. ಹುಲ್ಲು ದಟ್ಟವಾಗಿದ್ದರೆ ಮೊದಲು ಅದನ್ನು ತೆಗೆಯಿರಿ. ಹಾಗೇ ಸೀಳಿದರೆ ಬೇರುಗಂಟುಗಳು ಮೇಲೆದ್ದು, ಒಂದೇ ಋತುವಿನಲ್ಲಿ ಮತ್ತೆ ಕವಿಯುತ್ತವೆ.

ದೊಡ್ಡ ಡೋಜರಿನ ಹಿಂದಿನ ಉದ್ದ ಹಲ್ಲನ್ನು ಒಂದು ಮೀಟರ್ ಆಳಕ್ಕೆ ಇಳಿಸಿ, 2ರಿಂದ 2.5 ಮೀಟರ್ ಅಂತರದಲ್ಲಿ, ಸಮಪಾತಳಿಯ ಉದ್ದಕ್ಕೆ, ನಿಧಾನವಾಗಿ ಎಳೆಯಬೇಕು. ಮಟ್ಟಸ ನೆಲವಾದರೆ ಅಡ್ಡಡ್ಡ ಇನ್ನೊಂದು ಸಲ ಸೀಳಬಹುದು. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಸೀಳಿದಿರೋ, ನೀವೇ ಕೈಯಾರೆ ಕೊರಕಲಿಗೆ ಗುದ್ದಲಿಪೂಜೆ ಮಾಡಿದಂತೆ. ಸಮಪಾತಳಿಯಲ್ಲೂ ಒಂದೇ ಉದ್ದನೆಯ ಸೀಳು ಬೇಡ. 30–40 ಮೀಟರಿಗೊಮ್ಮೆ ಹಲ್ಲನ್ನು ಎತ್ತಿ ಎರಡು ಮೀಟರ್ ಬಿಟ್ಟು ಮತ್ತೆ ಇಳಿಸಿ. ಇಲ್ಲವಾದರೆ ಸೀಳಿನೊಳಗೆ ಹರಿದ ನೀರೆಲ್ಲ ಒಂದು ತಗ್ಗಿಗೆ ಸೇರಿ ಅಲ್ಲಿ ಒಡೆಯುತ್ತದೆ.

ಹದ ನೋಡುವುದೇ ಇಲ್ಲಿನ ವಿದ್ಯೆ. ಮೇಲಿನ ಮಣ್ಣಲ್ಲ, ಸೀಳುವ ಆಳದ ಮಣ್ಣನ್ನು ತೆಗೆದು ಅಂಗೈಯಲ್ಲಿ ಹೊಸೆಯಿರಿ. ದಾರದಂತೆ ಉದ್ದಕ್ಕೆ ಬಂದರೆ ಒದ್ದೆ; ಯಂತ್ರ ನಿಲ್ಲಿಸಿ. ಹೊಸೆಯುವಾಗಲೇ ಬಿರುಕು ಬಿಟ್ಟು ಪುಡಿಯಾದರೆ ಸರಿಯಾದ ಹದ. ಒದ್ದೆ ಜೇಡಿಯಲ್ಲಿ ಹಲ್ಲು ಬೆಣ್ಣೆಯಲ್ಲಿ ಚಾಕು ಆಡಿದಂತೆ ಹೋಗುತ್ತದೆ. ಚಾಲಕನಿಗೆ ಖುಷಿ, ಕೆಲಸ ಸಲೀಸು. ಆದರೆ ಮಣ್ಣು ಒಡೆದಿರುವುದಿಲ್ಲ, ಎರಡು ಬದಿ ನುಣುಪಾಗಿ ಸವರಿದ ಒಂದು ಓಣಿ ಆಗಿರುತ್ತದೆ ಅಷ್ಟೆ. ಬೇರು ಆ ಓಣಿಯಲ್ಲೇ ಅತ್ತಿತ್ತ ಓಡಾಡುತ್ತದೆ, ಗೋಡೆ ದಾಟುವುದಿಲ್ಲ.

ಮೊದಲ ನಾಲ್ಕು ಸಾಲು ಆದೊಡನೆ ಯಂತ್ರ ನಿಲ್ಲಿಸಿ, ಒಂದು ಸಾಲಿಗೆ ಅಡ್ಡವಾಗಿ ಗುಂಡಿ ತೋಡಿ ನೋಡಿ. ಮೇಲೆ ಅಗಲ, ಕೆಳಗೆ ಕಿರಿದಾಗಿ ಮಣ್ಣು ಹೆಂಟೆ ಹೆಂಟೆಯಾಗಿ ಒಡೆದಿರಬೇಕು. ಇಷ್ಟು ನೋಡದೆ ಇಡೀ ಹೆಕ್ಟೇರ್ ಮುಗಿಸಿ ಬಿಲ್ ಕೊಟ್ಟವರನ್ನು ನಾನು ಬಲ್ಲೆ. ಕಲ್ಲು ಬಂಡೆ ಹೆಚ್ಚಿದ್ದು ಹಲ್ಲು ಹಾರುತ್ತಿದ್ದರೆ ಅಗೆಯುವ ಯಂತ್ರದ ಬಕೆಟ್ಟಿನಲ್ಲಿ ಮಣ್ಣನ್ನು ಎತ್ತಿ ಅಲ್ಲೇ ಬೀಳಿಸುತ್ತ ಹಿಂದೆ ಹಿಂದೆ ಬರುವುದು ನಿಧಾನವಾದರೂ ಫಲ ಕೊಡುವ ದಾರಿ.

ಈ ಹಂತದ ನಂತರ ಆ ನೆಲದ ಮೇಲೆ ಯಾವ ಚಕ್ರವೂ ಹತ್ತಬಾರದು. ನೀರಿನ ಟ್ಯಾಂಕರ್ ಕೂಡ.

ಹಂತ 6: ಸುಣ್ಣ, ಗೊಬ್ಬರ – ಅಳೆದು ಮಾತ್ರ

ಸುಣ್ಣ ಬೇಕಿದ್ದರೆ ಅದನ್ನು ಸೀಳುವ ಮೊದಲೇ ಹರಡಿ, ಸೀಳುವಾಗ ಒಂದಿಷ್ಟು ಒಳಗೆ ಹೋಗಲಿ. ಮೇಲೆ ಚೆಲ್ಲಿದ ಸುಣ್ಣ ತಾನಾಗಿ ಕೆಳಗಿಳಿಯಲು ವರ್ಷಗಳೇ ಬೇಕು. ಕ್ರಮದ ದೃಷ್ಟಿಯಿಂದ ಈ ಹಂತ ಐದರ ಜೊತೆಗೇ ಸೇರಿದ್ದು. ಮಾತು ಬೇರೆಯಾದ್ದರಿಂದ ಬೇರೆ ಬರೆದಿದ್ದೇನೆ.

ಪೈರೈಟ್ ಇದ್ದರೆ ಲೆಕ್ಕ ಹೀಗೆ: ಮಣ್ಣಿನಲ್ಲಿ ಪೈರೈಟಿನ ಗಂಧಕ 1 ಶೇಕಡ ಇದ್ದರೆ, ಪ್ರತಿ 1,000 ಟನ್ ಮಣ್ಣಿಗೆ 31.25 ಟನ್ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಒಂದು ಹೆಕ್ಟೇರಿನ ಮೇಲಿನ 20 ಸೆಂ.ಮೀ. ಮಣ್ಣು, ಸಾಂದ್ರತೆ 1.5 ಎಂದಿಟ್ಟುಕೊಂಡರೆ, 3,000 ಟನ್ ತೂಗುತ್ತದೆ. ಅಷ್ಟಕ್ಕೇ ಸುಮಾರು 94 ಟನ್ ಸುಣ್ಣಕಲ್ಲಿನ ಪುಡಿ! ಅಂಥ ವಸ್ತುವನ್ನು 3ನೇ ಹಂತದಲ್ಲೇ ಆಳದಲ್ಲಿ ಹೂಳಿ ಎಂದದ್ದು ಇದಕ್ಕೇ.

ಜಿಪ್ಸಂ ಹಾಕಿ ಹುಳಿ ತೆಗೆಯುತ್ತೇವೆ ಎನ್ನುವುದು ಪದೇ ಪದೇ ಕೇಳುವ ತಪ್ಪು. ಜಿಪ್ಸಂ ಪಿಎಚ್ ಏರಿಸುವುದಿಲ್ಲ. ಅದು ಸೋಡಿಯಂ ಹೆಚ್ಚಾದ ಜಿಗುಟು ನೆಲಕ್ಕೆ ಮದ್ದು. ಸುಣ್ಣವನ್ನೂ ಅತಿ ಮಾಡಬೇಡಿ. ಪಿಎಚ್ 7 ದಾಟಿದಂತೆ ಕಬ್ಬಿಣ, ಸತು, ಮ್ಯಾಂಗನೀಸ್ ಬೇರಿಗೆ ಸಿಗದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ.

ಗೊಬ್ಬರದಲ್ಲಿ ಸಾರಜನಕಕ್ಕೆ ಕೈ ಬಿಗಿ ಹಿಡಿಯಿರಿ. ಅದು ಮರಕ್ಕಿಂತ ಮೊದಲು ಹುಲ್ಲಿಗೆ ಹೋಗುತ್ತದೆ. ಗಣಿಮಣ್ಣಿನಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದು ರಂಜಕ. ಹಸಿ ಮರದಪುಡಿಯನ್ನು ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕ ನುಂಗುತ್ತವೆ. ಮೇಲೆ ಹೊದಿಕೆಯಾಗಿ ಹಾಕಿ, ತೊಂದರೆಯಿಲ್ಲ.

ಹಂತ 7: ನೆಲಹೊದಿಕೆ ತೆಳುವಾಗಿರಲಿ

ಬೇಗ ಹಸಿರು ಕಾಣಬೇಕೆಂಬ ಆತುರಕ್ಕೆ ಎತ್ತರದ, ದಟ್ಟವಾದ ಹುಲ್ಲು ಬಿತ್ತಿದರೆ ಸಸಿಗೆ ಬರಬೇಕಾದ ನೀರು, ಬೆಳಕು ಎರಡೂ ಹೋಯಿತು. ಜೊತೆಗೆ ಇಲಿಗಳಿಗೆ ಅಡಗುದಾಣ. ಅವು ಬುಡದ ಸುತ್ತ ತೊಗಟೆ ಮೆಲ್ಲುತ್ತವೆ. ಗಿಡ್ಡಗೆ, ಗುಂಪು ಗುಂಪಾಗಿ ಬೆಳೆಯುವ ಸ್ಥಳೀಯ ಹುಲ್ಲು, ಬಳ್ಳಿಯಂತೆ ಹಬ್ಬಿ ಹರಡದಂಥ ದ್ವಿದಳ ಸಸ್ಯ, ವಾಡಿಕೆಯ ಬೀಜ ಪ್ರಮಾಣಕ್ಕಿಂತ ಕಡಿಮೆ – ಸಾಕು. ಮೊದಲ ವರ್ಷ ನೆಲ ಅಲ್ಲಲ್ಲಿ ಬರಿದಾಗಿ ಕಂಡರೆ ಗಾಬರಿ ಬೇಡ. ಆ ಖಾಲಿ ಜಾಗಗಳಲ್ಲೇ ಗಾಳಿ, ಹಕ್ಕಿ ತಂದ ಬೀಜ ಮೊಳೆಯುವುದು. ಕಡಿದಾದ ಇಳಿಜಾರಿಗೆ ಮಾತ್ರ ಒಣಹುಲ್ಲಿನ ಹೊದಿಕೆ ಸೇರಿಸಿ.

ಹಂತ 8: ಯಾವ ಮರ?

ಪುಸ್ತಕದ ಪಟ್ಟಿಯಿಂದ ಶುರು ಮಾಡಬೇಡಿ. ಗಣಿಗೆ ಹತ್ತಿರದಲ್ಲಿ ಉಳಿದಿರುವ ಕಾಡಿನಲ್ಲಿ ನಿಮ್ಮ ನೆಲದಂಥದೇ ಇಳಿಜಾರು, ಅದೇ ದಿಕ್ಕು, ಅಷ್ಟೇ ತೆಳುಮಣ್ಣು ಇರುವ ಜಾಗ ಹುಡುಕಿ. ಅಲ್ಲಿ ಬಂಡೆಯ ಸಂದಿಯಲ್ಲಿ, ರಸ್ತೆ ಕಡಿದ ಬರಿನೆಲದಲ್ಲಿ ತಾವಾಗಿ ಬಂದ ಜಾತಿಗಳೇ ನಿಮ್ಮ ಮೊದಲ ಪಡೆ. ನೆರಳು, ತೇವ ಬೇಡುವ ದೊಡ್ಡ ಮರಗಳು ಎರಡನೆಯ ಪಡೆ. ಮೊದಲ ಪಡೆಯಲ್ಲಿ ಗಾಳಿಯ ಸಾರಜನಕ ಹಿಡಿಯುವ ಒಂದೆರಡು ಜಾತಿ ಇರಲಿ, ಆದರೆ ಒಟ್ಟು ಸಸಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಅಂದಾಜು.

ಸ್ಥಳೀಯ ಎಂಬ ಮಾತು ಜಾಗಕ್ಕೆ ಅಂಟಿಕೊಂಡದ್ದು. ಬ್ಲ್ಯಾಕ್ ಲೋಕಸ್ಟ್ ಎಂಬ ಮರ ಅಪಲೇಚಿಯಾದಲ್ಲಿ ಮನೆಮಗ, ಯುರೋಪಿನಲ್ಲಿ ಹಬ್ಬುವ ಕಳೆ. ಸುಬಾಬುಲ್ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ್ದು. ಹೊರಗಡೆ ಹಲವು ನಾಡುಗಳಲ್ಲಿ ತಾನಿದ್ದಲ್ಲಿ ಬೇರೆಯವರಿಗೆ ಎಡೆ ಕೊಡುವುದಿಲ್ಲ. ಬೇಗ ಬೆಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಹೊರಗಿನ ಮರ ತಂದರೆ ಹತ್ತು ವರ್ಷದ ಮೇಲೆ ಕಡಿಯುವ ಖರ್ಚೂ ನಿಮ್ಮದೇ.

ಬೀಜವನ್ನು ಒಂದೇ ಮರದಿಂದ ಕೂಡಿಸಬೇಡಿ, ಹತ್ತಿಪ್ಪತ್ತು ಮರಗಳಿಂದ ತನ್ನಿ. ಗಟ್ಟಿ ಸಿಪ್ಪೆಯ ದ್ವಿದಳ ಬೀಜಗಳಿಗೆ ಬಿಸಿನೀರಿನ ಉಪಚಾರ ಬೇಕು. ತೇವ ತುಂಬಿದ ದಪ್ಪ ಬೀಜಗಳಲ್ಲಿ ಹಲವು ಒಣಗಿಸಿದರೆ ಸತ್ತೇಹೋಗುತ್ತವೆ. ಅವನ್ನು ಬಿದ್ದ ವಾರದೊಳಗೆ ಬಿತ್ತಿ.

ಹಂತ 9: ನೆಡುವ ದಿನ

ಸೀಳಿದ ಮರುದಿನವೇ ನೆಡಬೇಡಿ. ಒಂದೆರಡು ಒಳ್ಳೆಯ ಮಳೆ ಬಿದ್ದು ಮಣ್ಣು ಕುಸಿದು ಕೂರಲಿ. ಇಲ್ಲದಿದ್ದರೆ ಬೇರಿನ ಕೆಳಗೆ ಪೊಳ್ಳು ಉಳಿದು ಸಸಿ ನೇತಾಡುತ್ತದೆ. ಸಸಿಯನ್ನು ಸೀಳಿನ ತಳಕ್ಕೆ ಅಲ್ಲ, ಪಕ್ಕದ ಸಡಿಲ ದಿಣ್ಣೆಯ ಅಂಚಿಗೆ ನೆಡಿ. ತಳದಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. 2.5 ಮೀಟರ್ ಅಂತರವಾದರೆ ಹೆಕ್ಟೇರಿಗೆ 1,600 ಸಸಿ ಹಿಡಿಯುತ್ತವೆ.

ಎತ್ತರದ ಸಸಿ ಕೊಂಡು ಬೀಗಬೇಡಿ. ಚಿಕ್ಕ ಚೀಲದಲ್ಲಿ ಎರಡು ವರ್ಷ ಕುಳಿತ ಆಳೆತ್ತರದ ಸಸಿಗಿಂತ, ಬೇರು ಸುತ್ತಿಕೊಳ್ಳದ ಮೊಣಕಾಲೆತ್ತರದ ಸಸಿ ಗಣಿನೆಲದಲ್ಲಿ ಬೇಗ ಗೆಲ್ಲುತ್ತದೆ. ಚೀಲವನ್ನು ಪೂರ್ತಿ ಕಳಚಿ, ಸುತ್ತಿದ ಬೇರಿದ್ದರೆ ಚಾಕುವಿನಿಂದ ಎರಡು ಮೂರು ಕಡೆ ಉದ್ದಕ್ಕೆ ಸೀಳಿ. ಬರಿಬೇರಿನ ಸಸಿಯಾದರೆ ಒದ್ದೆ ಗೋಣಿಯಿಂದ ಹೊರಗೆ ತೆಗೆಯುವುದು ಗುಂಡಿ ಸಿದ್ಧವಾದ ಮೇಲೆ, ಒಂದೊಂದಾಗಿ. ಬಿಸಿಲು ಗಾಳಿಯಲ್ಲಿ ಕೂದಲೆಳೆಯ ಬೇರುಗಳು ಸಾಯಲು ಕೆಲವೇ ನಿಮಿಷ ಸಾಕು. ಎಲೆ ಬಾಡುವುದು ಮಾತ್ರ ವಾರದ ಮೇಲೆ. ಅಷ್ಟರಲ್ಲಿ ತಪ್ಪು ಯಾರದೆಂದು ತಿಳಿಯುವುದೇ ಇಲ್ಲ.

ಗುಂಡಿ ಬೇರಿಗಿಂತ ಆಳವಾಗಿರಲಿ. ತಾಯಿಬೇರು ತಳ ತಾಗಿ ಮೇಲಕ್ಕೆ ಕೊಕ್ಕೆಯಂತೆ ಮಡಚಿದರೆ ಮರ ಬದುಕಿದರೂ ಮುಂದೆ ಗಾಳಿಗೆ ಬೀಳುತ್ತದೆ. ಕಾಂಡ ಮತ್ತು ಬೇರು ಸೇರುವ ಗೆರೆ ನೆಲಮಟ್ಟಕ್ಕೆ, ಹೆಚ್ಚೆಂದರೆ ಒಂದು ಬೆರಳು ಕೆಳಗೆ. ಹತ್ತಿರದ ಅದೇ ಜಾತಿಯ ಆರೋಗ್ಯವಂತ ಮರದ ಬುಡದಿಂದ ಒಂದು ಹಿಡಿ ಮಣ್ಣು ತಂದು ಬೇರಿಗೆ ತಾಗುವಂತೆ ಹಾಕಿ. ಬೇರಿನ ಗೆಳೆಯ ಶಿಲೀಂಧ್ರ ಅದರಲ್ಲೇ ಬರುತ್ತದೆ. ಮಣ್ಣು ತುಂಬಿ ಹಿಮ್ಮಡಿಯಿಂದ ಒತ್ತಿ. ಆಮೇಲೆ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ: ಎಲೆ ಹರಿದು ಸಸಿ ನಿಂತರೆ ಸರಿ, ಸಸಿಯೇ ಎದ್ದರೆ ಮತ್ತೆ ನೆಡಿ.

ಹಂತ 10: ಎಣಿಸಿ, ಸಾವಿನ ವಿನ್ಯಾಸ ಓದಿ

ಈಗ ಆ ಹಗ್ಗ. 5.64 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 100 ಚದರ ಮೀಟರ್. ನಡುವೆ ಗೂಟ ನೆಟ್ಟು, ಹಗ್ಗ ಸುತ್ತಿಸಿ, ಒಳಗಿನ ಜೀವಂತ ಸಸಿಗಳನ್ನು ಎಣಿಸಿ 100ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ ಸಿಗುತ್ತದೆ. ಹೆಕ್ಟೇರಿಗೆ ಐದಾರು ವೃತ್ತ ಸಾಕು, ಆದರೆ ಜಾಗವನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿ. ಸ್ಥಳದಲ್ಲಿ ಆರಿಸಿದರೆ ಕಾಲು ತಾನಾಗಿ ಹಸಿರಿನ ಕಡೆಗೇ ನಡೆಯುತ್ತದೆ. ಮೊದಲ ಒಣ ಕಾಲ ಮುಗಿದೊಡನೆ ಒಮ್ಮೆ, ಆಮೇಲೆ ಮೂರು ವರ್ಷ ಪ್ರತಿ ವರ್ಷ.

ಎಷ್ಟು ಸತ್ತವು ಎನ್ನುವುದಕ್ಕಿಂತ ಹೇಗೆ ಸತ್ತವು ಎನ್ನುವುದು ಹೆಚ್ಚು ಹೇಳುತ್ತದೆ. ಒಂದು ತೇಪೆಯಲ್ಲಿ ಎಲ್ಲ ಜಾತಿಯೂ ಸತ್ತಿದ್ದರೆ ಕಾರಣ ಮಣ್ಣಿನೊಳಗಿದೆ: ಆಮ್ಲ, ಉಪ್ಪು ಅಥವಾ ಬಿಗಿತ. ಒಂದೇ ಜಾತಿ ಎಲ್ಲೆಡೆ ಸತ್ತಿದ್ದರೆ ಆಯ್ಕೆ ತಪ್ಪು. ಸಾಲಿಗೆ ಸಾಲೇ ಹೋಗಿದ್ದರೆ ಒಬ್ಬರ ಕೈ, ಅಥವಾ ಬಿಸಿಲಲ್ಲಿ ಬಿಟ್ಟ ಒಂದು ಗೋಣಿ. ಅಂಚಿನುದ್ದಕ್ಕೆ ಮಾತ್ರ ಹೋಗಿದ್ದರೆ ಮೇಯುವ ಪ್ರಾಣಿ. ಎಲೆಯಂಚು ಸುಟ್ಟಂತಿದ್ದರೆ ಉಪ್ಪನ್ನು ಸಂಶಯಿಸಿ, ಎಲೆ ನೇರಳೆಗೆ ತಿರುಗಿದ್ದರೆ ರಂಜಕವನ್ನು. ಬದುಕಿದ್ದರೂ ಎರಡು ವರ್ಷದಿಂದ ಗೇಣುದ್ದವೂ ಏರದ ಸಸಿ ನಿಜವಾಗಿ ಬದುಕಿಲ್ಲ. ಅದನ್ನು ಸತ್ತವರ ಪಟ್ಟಿಯಲ್ಲೇ ಬರೆಯಿರಿ.

ನೂರರಲ್ಲಿ ಎಂಬತ್ತು ಉಳಿದರೆ ಕಳೆ ತೆಗೆಯುವುದಷ್ಟೇ ಕೆಲಸ: ಸಸಿಯ ಸುತ್ತ ಅರ್ಧ ಮೀಟರ್, ಕಾಂಡಕ್ಕೆ ತಾಗದಂತೆ ಹೊದಿಕೆ. ಅರವತ್ತಕ್ಕಿಂತ ಕೆಳಗಿಳಿದರೆ ಮರುನೆಡುವಿಕೆಗೆ ಸಸಿ ತರಿಸುವ ಮೊದಲು ಸತ್ತ ತೇಪೆಯಲ್ಲಿ ಗುಂಡಿ ತೋಡಿ. ಇಲಿ, ಮೊಲದಿಂದ ಕಾಯಲು ತೊಡಿಸಿದ ಪ್ಲಾಸ್ಟಿಕ್ ಕೊಳವೆಗಳನ್ನು ಕಾಂಡ ದಪ್ಪವಾಗಿ ಒತ್ತಿಕೊಳ್ಳುವ ಮೊದಲೇ ಕಳಚಿ. ನಾಲ್ಕೈದನೆಯ ವರ್ಷದಲ್ಲಿ ಸಾರಜನಕದ ಮರಗಳು ಪಕ್ಕದ ಸಸಿಯ ನೆತ್ತಿ ಮುಚ್ಚಿದ್ದರೆ ಅವುಗಳ ಕೊಂಬೆ ಕಡಿದು ಅಲ್ಲೇ ಬುಡಕ್ಕೆ ಹಾಸಿ. ಆ ವೇಳೆಗೆ ನೀವು ನೆಡದ ಗಿಡಗಳೂ ವೃತ್ತದೊಳಗೆ ಸಿಗತೊಡಗಿರುತ್ತವೆ. ಅವಕ್ಕೆ ಎಣಿಕೆಯ ಪುಸ್ತಕದಲ್ಲಿ ಬೇರೆ ಕಲಂ ಹಾಕಿ.